ಎನ್-೪೧೭ ಎಂಬ ನನ್ನ ಮೆಚ್ಚಿನ ರೋಗಿ

ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಹೆಂಗಸೊಬ್ಬಳು ಪರಪುರುಷನೊಬ್ಬನ ಧ್ಯಾನದಲ್ಲಿ ಬಿದ್ದರೆ ಅದನ್ನು ಬರೆದು ಹೇಳಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಆದರೂ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಳ್ಳುವಂಥ ಗುಟ್ಟೇನೂ ಅಲ್ಲ. ನನ್ನ ಗಂಡನಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು, ಮೈಸೂರಿನಲ್ಲಿರುವ ನನ್ನ ಗೈಡಿಗಂತೂ ನಾನೇ ಪರದೆಯ ಮೇಲೆ ದೊಡ್ಡದಾಗಿ ತೋರಿಸಿದ್ದೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ, ಮುಖ ನೋಡಿರಲಿಲ್ಲ. ನನಗೆ ಗೊತ್ತಿದ್ದುದು ಅವನ ಗುರುತಿನ ಸಂಖ್ಯೆ ಎನ್-೪೧೭ ಎಂಬುದು, ಅವನಿಗೆ ಬಿ.ಪಿ. ಇದೆ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ ಎಂಬುದು, ಇಷ್ಟೆಲ್ಲ ಇದ್ದೂ ಅವನು ಒಂದು ಸಲವಾದರೂ ಆಸ್ಪತ್ರೆಗೆ ಬರುವುದನ್ನು ತಪ್ಪಿಸಿಲ್ಲ ಎಂಬುದು. ಇಂಥ ಗಂಡಸನ್ನು ಯಾರು ತಾನೇ ಮೆಚ್ಚುವುದಿಲ್ಲ?

ನಾನು ಮಾಡುತ್ತಿರುವುದು ಪಿಎಚ್.ಡಿ. ವಿಷಯ, ಆರೋಗ್ಯದ ಡೇಟಾ ಮತ್ತು ಕೃತಕ ಬುದ್ಧಿಮತ್ತೆ. ಇದನ್ನು ಹೇಳಿದ ತಕ್ಷಣ ನರಸೀಪುರದ ನಮ್ಮ ಬೀದಿಯಲ್ಲಿ ಅರ್ಧ ಜನ ಕೈ ಚಾಚಿ ನಾಡಿ ನೋಡಲು ಹೇಳುತ್ತಾರೆ, ಇನ್ನರ್ಧ ಜನ ಮೊಬೈಲು ಚಾಚಿ ವಾಟ್ಸಾಪ್ ಯಾಕೋ ನಿಧಾನವಾಗಿದೆ ಎನ್ನುತ್ತಾರೆ. ಎರಡೂ ನನ್ನಿಂದಾಗುವುದಿಲ್ಲ ಎಂದು ತಿಳಿದಾಗ ಅವರ ಮುಖದಲ್ಲಿ ಕಾಣುವ ಕನಿಕರವನ್ನು ನಾನು ಮೂರು ವರ್ಷದಿಂದ ಸಹಿಸಿಕೊಂಡು ಬಂದಿದ್ದೇನೆ. ನನ್ನ ಕೆಲಸವನ್ನು ಸರಿಯಾಗಿ ವಿವರಿಸಿದವರೆಂದರೆ ಅತ್ತೆ ಚಿಕ್ಕತಾಯಮ್ಮನವರು ಒಬ್ಬರೇ. ಯಾರೋ ನೆಂಟರು ಕೇಳಿದ್ದಕ್ಕೆ ಅವರು, "ನಮ್ ಸೊಸೆ ಕಂಪ್ಯೂಟರ್‌ಗೆ ಮನುಸುರ ಕಾಯ್ಲೆ ಯೋಳ್ಕೊಡ್ತಾಳೆ ಕಣವ್ವ. ಅದು ಇನ್ನೂ ಕಲ್ತಿಲ್ಲ," ಎಂದಿದ್ದರು. ನನ್ನ ಸಂಶೋಧನಾ ಪ್ರಸ್ತಾವನೆಯಲ್ಲಿ ಹದಿನಾಲ್ಕು ಪುಟ ಬರೆದು ಹೇಳಲು ಒದ್ದಾಡಿದ್ದೂ ಇದನ್ನೇ.

ಕೆಲಸ ಇಷ್ಟೇ. ಬಿ.ಪಿ., ಸಕ್ಕರೆ ಇರುವವರು ನಾಲ್ಕು ತಿಂಗಳು ಮಾತ್ರೆ ನುಂಗುತ್ತಾರೆ, ಆಮೇಲೆ ಮೈ ಹಗುರಾಯಿತು ಎಂದು ಬಿಟ್ಟುಬಿಡುತ್ತಾರೆ. ಯಾರು ಬಿಡುತ್ತಾರೆ ಎಂದು ಮೊದಲೇ ಊಹಿಸುವ ಹಾಗೆ ಒಂದು ಯಂತ್ರಕ್ಕೆ ಕಲಿಸಬೇಕು. ಊಹೆ ಸರಿಯಾದರೆ ಆಸ್ಪತ್ರೆಯವರು ಅಂಥವರ ಮನೆಗೆ ಮೊದಲೇ ಹೋಗಿ ಎಚ್ಚರಿಸಬಹುದು. ಇದಕ್ಕಾಗಿ ನಂಜನಗೂಡು, ನರಸೀಪುರದ ಸುತ್ತಿನ ಕೆಲವು ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಪಡೆದುಕೊಂಡಿದ್ದೆ. ಹೆಸರು, ವಿಳಾಸ, ಫೋನ್ ನಂಬರು ಯಾವುದೂ ನನ್ನ ಕಣ್ಣಿಗೆ ಬೀಳುವಂತಿಲ್ಲ. ಒಬ್ಬೊಬ್ಬ ರೋಗಿಗೂ ಒಂದೊಂದು ಸಂಖ್ಯೆ. ಗುಟ್ಟು ಕಾಪಾಡುತ್ತೇನೆಂದು ನಾನು ಹಾಕಿದಷ್ಟು ಸಹಿಗಳನ್ನು ಮನೆ ಕಟ್ಟಲು ಸಾಲ ಪಡೆದವರೂ ಹಾಕಿರಲಾರರು.

ಆ ಸಾವಿರಾರು ಸಂಖ್ಯೆಗಳ ನಡುವೆ ನನ್ನ ಕಣ್ಣು ಎನ್-೪೧೭ರ ಮೇಲೆ ಬಿತ್ತು. ಉಳಿದವರೆಲ್ಲ ಮಾತ್ರೆ ಬಿಟ್ಟರು, ಮತ್ತೆ ಹಿಡಿದರು, ಹಬ್ಬಕ್ಕೆ ಬಿಟ್ಟರು, ನಾಟಿಗೆ ಬಿಟ್ಟರು. ಇವನು ಮಾತ್ರ ಬಿಸಿಲೆನ್ನದೆ ಮಳೆಯೆನ್ನದೆ ಬರುತ್ತಲೇ ಇದ್ದ. ವಾರಕ್ಕೆ ಮೂರು ಸಲ, ನಾಲ್ಕು ಸಲ. ಹೊಸ ಕಾಯಿಲೆ ಬಂದಷ್ಟೂ ಅವನ ಶಿಸ್ತು ಹೆಚ್ಚುತ್ತಿತ್ತು. ಇದನ್ನು ಆಧಾರ ಮಾಡಿಕೊಂಡು ನಾನು ಒಂದು ಸಿದ್ಧಾಂತವನ್ನೇ ಕಟ್ಟಿದೆ: ರೋಗ ಹೆಚ್ಚಾದಷ್ಟೂ ರೋಗಿ ನಿಯಮಿತನಾಗುತ್ತಾನೆ. ಇದನ್ನು ಕೇಳಿದ ಗೈಡ್ ಸಾರ್ ಕುರ್ಚಿಯಿಂದ ಅರ್ಧ ಎದ್ದರು. ಅವರು ಅರ್ಧ ಏಳುವುದು ಅಪರೂಪ. ಪೂರ್ತಿ ಎದ್ದರೆ ಊಟಕ್ಕೆ ಹೊರಟರೆಂದು ಅರ್ಥ. ಮನೆಯಲ್ಲೂ ಎನ್-೪೧೭ ಪಾರಾಯಣ ಶುರುವಾಯಿತು. ಬೆಳಿಗ್ಗೆ ನಡೆಯಲು ಹೋಗುತ್ತೇನೆಂದು ಹೊಸ ಬೂಟು ತಂದು ನಾಲ್ಕೇ ದಿನಕ್ಕೆ ಮೂಲೆಗೆ ಬಿಸಾಡಿದ ನನ್ನ ಗಂಡನಿಗೆ, "ನಿಮಗಿಂತ ಎನ್-೪೧೭ ಸಾವಿರ ಪಾಲು ವಾಸಿ," ಎಂದೆ. ಅವರು ದೋಸೆಯಿಂದ ಕಣ್ಣೆತ್ತದೆ, "ಅವನ ಮನೆಯಲ್ಲಿ ನಿನ್ನಂಥವಳು ಇರಲಿಕ್ಕಿಲ್ಲ, ಅದಕ್ಕೇ ಪಾಪ ಆಸ್ಪತ್ರೆಗೆ ಹೋಗೋ ಉತ್ಸಾಹ ಇದೆ," ಎಂದರು.

ಹೀಗಿರುವಾಗ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ನನ್ನ ಕೆಲಸದ ಪರಿಶೀಲನೆಯ ದಿನ ಗೊತ್ತಾಯಿತು. ಇನ್ನು ಹತ್ತು ದಿನ. ಅಲ್ಲಿ ಒಪ್ಪಿದರೆ ಪ್ರಬಂಧ ಬರೆಯಲು ಕೂರಬಹುದು. ಒಪ್ಪದಿದ್ದರೆ ಮೂರು ವರ್ಷದ ದುಡಿಮೆಯನ್ನು ಮಡಿಸಿಟ್ಟು ಮೊದಲಿನಿಂದ ಶುರು ಮಾಡಬೇಕು. ಮೂವತ್ತೇಳನೇ ವಯಸ್ಸಿನಲ್ಲಿ, ಕಾಲೇಜಿನ ಕೆಲಸಕ್ಕೆ ರಜೆ ಹಾಕಿ ಓದಲು ಹೊರಟವಳಿಗೆ ಮೊದಲಿನಿಂದ ಎನ್ನುವ ಮಾತು ಕೇಳಿದರೇ ಸೊಂಟ ಹಿಡಿಯುತ್ತದೆ. ಗೈಡ್ ಸಾರ್, "ಸಮಿತಿಯಲ್ಲಿ ದೊಡ್ಡ ದೊಡ್ಡವರು ಇರ್ತಾರೆ. ಆ ಒಂದು ಕೇಸನ್ನ ಪೂರ್ತಿ ಬಿಡಿಸಿ ತೋರಿಸಿಬಿಡಿ, ಎಲ್ಲರೂ ತಲೆದೂಗ್ತಾರೆ," ಎಂದರು. ಸರಿ, ನನ್ನ ಮೆಚ್ಚಿನ ರೋಗಿಯ ಒಂದೊಂದೇ ಭೇಟಿಯನ್ನು ಬಿಡಿಸಿ ನೋಡಲು ಕುಳಿತೆ. ಮೂರು ವರ್ಷದಲ್ಲಿ ಆ ಕೆಲಸವನ್ನು ಮೊದಲ ಸಲ ಮಾಡಿದ್ದು ಅಂದೇ.

ಮೊದಲ ಸಾಲಿನಲ್ಲಿ ಅವನಿಗೆ ಎಂಬತ್ತೆರಡು ವರ್ಷ, ಕಣ್ಣಿನ ಪೊರೆ. ಎರಡನೇ ಸಾಲಿನಲ್ಲಿ ನಾಲ್ಕು ವರ್ಷ, ನಾಯಿ ಕಡಿತ. ಮೂರನೆಯದರಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹರ್ನಿಯಾ, ನಾಲ್ಕನೆಯದರಲ್ಲಿ ಅದೇ ದಿನ ಹತ್ತೂಕಾಲಿಗೆ ಐದನೇ ತಿಂಗಳ ಬಸುರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಬಸುರು ಹಾಗೇ ಇತ್ತು. ಇದು ನನಗೆ ಇಷ್ಟು ದಿನ ಕಾಣದೆ ಹೋದದ್ದು ಹೇಗೆ ಎಂದು ಹುಡುಕಿದರೆ, ತಪ್ಪು ಬೇರೆ ಯಾರದೂ ಅಲ್ಲ. ಒಬ್ಬರಿಗೇ ಬೇರೆ ಬೇರೆ ವಯಸ್ಸು ಬರೆದಿದ್ದರೆ ಸರಾಸರಿ ತೆಗೆದುಕೋ, ಗಂಡೋ ಹೆಣ್ಣೋ ಎಂಬ ಗೊಂದಲವಿದ್ದರೆ ಮೊದಲು ಬರೆದಿದ್ದನ್ನೇ ನಂಬು ಎಂದು ಯಾವತ್ತೋ ಅವಸರದಲ್ಲಿ ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದವಳು ನಾನೇ. ಅದು ಪಾಪ, ಹೇಳಿದ ಹಾಗೆ ಕೇಳಿತ್ತು. ಮುದುಕನನ್ನೂ ಮಗುವನ್ನೂ ಬಸುರಿಯನ್ನೂ ರುಬ್ಬಿ, ನನಗೆ ನಲವತ್ತೊಂದು ವರ್ಷದ ಒಬ್ಬ ಶಿಸ್ತಿನ ಗಂಡಸನ್ನು ಮಾಡಿ ಕೊಟ್ಟಿತ್ತು.

ನನಗೆ ನಿಜವಾಗಿಯೂ ಅಳು ಬಂತು. ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಮೊರ ಪಕ್ಕಕ್ಕಿಟ್ಟು, "ಯಾಕಮ್ಮಿ, ಏನಾಯ್ತು?" ಎಂದರು.

"ನನ್ನ ರೋಗಿ ಬಸುರಿ, ಅತ್ತೆ."

"ಒಳ್ಳೇದಾಯ್ತಲ್ಲ, ಅದಕ್ಯಾಕ್ ಅಳ್ತೀಯೆ?"

"ಅವನು ಗಂಡಸು!"

ಅತ್ತೆ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. "ನಿನ್ ಕಂಪ್ಯೂಟರ್ ಇನ್ನೂ ಕಲ್ತಿಲ್ಲ ಅಂದಿದ್ದೆನಲ್ಲ. ಎದ್ದು ಕಾಪಿ ಕುಡಿ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಮಾರನೆಯ ದಿನವೇ ಹದಿನಾರು ಎಂಬ ಊರಿನ ಆಚೆ, ಒಳದಾರಿಯಲ್ಲಿರುವ ಆ ಆರೋಗ್ಯ ಕೇಂದ್ರಕ್ಕೆ ಓಡಿದೆ. ಕೇಂದ್ರವಿರುವ ಊರಿನ ಹೆಸರು ಹೇಳುವಂತಿಲ್ಲ, ಸಹಿ ಹಾಕಿದ್ದೇನೆ. ಅಲ್ಲಿಯ ನರ್ಸಮ್ಮ ತಮ್ಮ ಪಟ್ಟಿಯಲ್ಲಿ ಎನ್-೪೧೭ ಯಾರೆಂದು ನೋಡಿದವರೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ಶುರು ಮಾಡಿದರು. ನಗು ನಿಂತ ಮೇಲೆ ವಿಷಯ ತಿಳಿಯಿತು. ಗುರುತಿನ ಸಂಖ್ಯೆ ಕೊಟ್ಟಿದ್ದು ಫೋನ್ ನಂಬರಿನ ಲೆಕ್ಕದಲ್ಲಿ. ಒಂದು ನಂಬರಿಗೆ ಒಬ್ಬ ರೋಗಿ. ಹಾಗೆ ಮಾಡಿ ಎಂದು ಕೇಳಿಕೊಂಡಿದ್ದವಳೂ ನಾನೇ. ಹೆಸರಿನ ಲೆಕ್ಕ ಹಿಡಿದರೆ ಊರಿಗೆ ಹತ್ತು ಮಹದೇವಮ್ಮ, ಹದಿನೈದು ಸಿದ್ದರಾಜು ಇರುತ್ತಾರಲ್ಲ, ಆಗ ಒಬ್ಬರಿಗೊಬ್ಬರು ಕಲಸಿಹೋಗುತ್ತಾರೆ ಎಂದು ಬಹಳ ಬುದ್ಧಿವಂತಿಕೆಯಿಂದ ಯೋಚಿಸಿದ್ದೆ. "ಈ ನಂಬರು ಯಾರದು?" ಎಂದು ಕೇಳಿದೆ. ನರ್ಸಮ್ಮ, "ಹೆಸರು ಹೇಳಂಗಿಲ್ಲ ಮೇಡಂ, ನಿಮ್ಮದೇ ರೂಲ್ಸು. ಆದ್ರೆ ನಾಳೆ ಬೆಳಿಗ್ಗೆ ಆರೂವರೆಗೆ ಇಲ್ಲಿ ಹಾಲಿನ ಡೈರಿ ಹತ್ರ ಸುಮ್ನೆ ನಿಂತ್ಕೊಳ್ಳಿ, ಗೊತ್ತಾಯ್ತದೆ," ಎಂದರು.

ನಿಂತುಕೊಂಡೆ. ಕ್ಯಾನು, ತಂಬಿಗೆ, ಹಳೆಯ ಎಣ್ಣೆ ಡಬ್ಬ ಹಿಡಿದು ಅರ್ಧ ಊರು ಸಾಲಿನಲ್ಲಿತ್ತು. ಒಳಗೆ ಡೈರಿಯ ಕಾರ್ಯದರ್ಶಿ ಮಹದೇವಣ್ಣ, ಐವತ್ತೈದರ ಆಸುಪಾಸಿನ ದಪ್ಪ ಮೀಸೆಯ ಮನುಷ್ಯ, ಹಾಲಿನಲ್ಲಿ ಅಳತೆಯ ಕಡ್ಡಿ ಅದ್ದಿ ನೋಡಿ ಒಬ್ಬೊಬ್ಬರಿಗೂ ತೀರ್ಪು ಕೊಡುತ್ತಿದ್ದರು. ಹಾಲಿನ ವಿಷಯವನ್ನೆಲ್ಲ ಇಡೀ ಸಾಲಿಗೆ ಕೇಳಿಸುವಂತೆ ಕೂಗಿ ಹೇಳುತ್ತಿದ್ದರು: "ಏನ್ಲಾ ಸಿದ್ದರಾಜು, ಅಸ ಆಲ್ ಕೊಡ್ತೋ ಕಾಲ್ವೆ ನೀರ್ ಕೊಡ್ತೋ?" ಸಾಲು ನಗುತ್ತಿತ್ತು. ಆಮೇಲೆ ಅದೇ ಮನುಷ್ಯನ ಕಡೆಗೆ ಬಾಗಿ, ತುಟಿ ಅಲ್ಲಾಡಿದ್ದೂ ಕಾಣದ ಹಾಗೆ ಒಂದು ಮಾತು ಕೇಳುತ್ತಿದ್ದರು. ಅವನು ತಲೆ ಆಡಿಸಿ ಹೋಗುತ್ತಿದ್ದ. ಹಿಂದಿನ ಹೆಂಗಸಿಗೂ ಹಾಗೆಯೇ, ಹಾಲು ಜೋರಾಗಿ, ಮಾತು ಮೆಲ್ಲಗೆ. ನಾನು ಹತ್ತಿರ ಸರಿದು ಕಿವಿ ಕೊಟ್ಟೆ. "ಗುಳಿಗೆ ನುಂಗ್ದಾ?" ಎನ್ನುತ್ತಿದ್ದರು. ಇನ್ನೊಬ್ಬಳಿಗೆ, "ಗುರ್ವಾರ ಸ್ಕ್ಯಾನಿಂಗ್ ಅದೆ, ಮರೀಬ್ಯಾಡ."

ಸಾಲು ಕರಗಿದ ಮೇಲೆ ಪರಿಚಯ ಹೇಳಿಕೊಂಡೆ. ಮೂರು ವರ್ಷದಿಂದ ಆರಾಧಿಸಿದವರ ಎದುರು ನಿಂತಾಗ ಬಾಯಿಗೆ ಬಂದದ್ದು, "ನೀವು ಹುಷಾರಾಗಿದ್ದೀರಾ?" ಎಂಬ ಪ್ರಶ್ನೆ.

"ನಂಗೇನಾಗದೆ ಮೇಡಂ, ಗುಂಡ್ಕಲ್ಲಂಗಿವ್ನಿ," ಎಂದರು ಮಹದೇವಣ್ಣ.

ಊರವರೆಲ್ಲ ಆಸ್ಪತ್ರೆಯಲ್ಲಿ ನಿಮ್ಮ ನಂಬರನ್ನೇ ಯಾಕೆ ಕೊಡುತ್ತಾರೆ ಎಂದು ಕೇಳಿದೆ. ಅವರು ಡೈರಿಯ ಗೋಡೆ ತೋರಿಸಿದರು. ಅಲ್ಲಿ ಆಳೆತ್ತರದ ನೀಲಿ ಅಂಕಿಗಳಲ್ಲಿ ಅವರ ನಂಬರು ಬರೆದಿತ್ತು. "ಅಸೂಗೆ ಉಸಾರಿಲ್ದಾಗ ದನದ್ ಡಾಕ್ಟ್ರನ್ನ ಕರ್ಸಕೆ ನಂಗೆ ಫೋನ್ ಮಾಡ್ತಾರೆ ಮೇಡಂ. ಕರ ಅಡ್ಡ ಸಿಕ್ಕಾಕೊಂಡಾಗ ನಂಬ್ರು ಉಡುಕ್ಕೊಂಡ್ ಕೂರಕಾಯ್ತದಾ? ಅದ್ಕೆ ಎಲ್ರೂ ಬಾಯಿಪಾಠ ಮಾಡವ್ರೆ. ಆಸ್ಪತ್ರೇಲಿ ನಂಬ್ರು ಯೋಳಿ ಅಂದ್ರೆ ತಮ್ ನಂಬ್ರು ಯಾರ್ಗ್ ಬತ್ತದೆ? ಬಾಯಿಗ್ ಬರಾದು ಇದೊಂದೆ." ಹೀಗೆ ಆಸ್ಪತ್ರೆಯಿಂದ ಬರುವ ಎಲ್ಲ ಕರೆ, ಎಲ್ಲ ಮೆಸೇಜು ಇವರಿಗೇ ಬರುತ್ತಿತ್ತು. ಮೆಸೇಜಿನಲ್ಲಿ ಹೆಸರಿರುತ್ತಿರಲಿಲ್ಲ, ಆದರೆ ನಂಬರು ಕೊಟ್ಟವರು ತಮ್ಮ ಕಾಯಿಲೆಯನ್ನು ಇವರಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು. ಮಗನ ಕೈಯಲ್ಲಿ ಓದಿಸಿಕೊಂಡು ಬೆಳಿಗ್ಗೆ ಹಾಲಿನ ಸಾಲಿನಲ್ಲಿ ಅವರವರದನ್ನು ಅವರವರಿಗೆ ಮುಟ್ಟಿಸುತ್ತಿದ್ದರು. "ನಿಮ್ಮ ಹೆರಿಗೆ ದಿನ ಹತ್ತಿರ ಬಂದಿದೆ, ಹೆಚ್ಚು ಭಾರ ಎತ್ತಬೇಡಿ ಅಂತ ಬತ್ತದೆ ಮೇಡಂ. ನಮ್ಮನೇವ್ಳು ಅದನ್ನ್ ಕೇಳಿ ಕ್ಯಾನ್ ಎತ್ತಕ್ ಬಿಡ್ನಿಲ್ಲ, ಆಡ್ಕೊಂಡು. ಇಲ್ಲೀಗಂಟ ಏಳ್ ಎರ್ಗೆ ಆಗವೆ ನಂಗೆ. ಎಲ್ಲಾ ಸುಸೂತ್ರ," ಎಂದು ಮೀಸೆಯಡಿ ನಕ್ಕರು.

ನಾನು ನೋಟ್‌ಬುಕ್ ತೆಗೆದು, ಯಾರು ಯಾರಿಗೆ ಏನೇನು ಕಾಯಿಲೆ ಎಂದು ಒಂದು ಸಲ ಹೇಳಿಬಿಟ್ಟರೆ ನನ್ನ ಡೇಟಾ ಸರಿಯಾಗುತ್ತದೆ ಎಂದೆ. ಮಹದೇವಣ್ಣನ ನಗು ನಿಂತಿತು. "ಅದಾಗಕಿಲ್ಲ ಮೇಡಂ. ನಂಬಿ ನಂಬ್ರು ಕೊಟ್ಟವ್ರೆ. ನಮ್ಮನೇವ್ಳಿಗೂ ಯಾರ್ದು ಅಂತ ಯೋಳಿಲ್ಲ ನಾನು." ಗುಟ್ಟು ಕಾಪಾಡುತ್ತೇನೆಂದು ಅಷ್ಟೊಂದು ಸಹಿ ಹಾಕಿದವಳು ನಾನು, ಒಂದೂ ಸಹಿ ಹಾಕದೆ ಕಾಪಾಡುತ್ತಿದ್ದವರು ಅವರು. ಬೈಸಿಕೊಂಡವಳ ಹಾಗೆ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಅಷ್ಟರಲ್ಲಿ ಎಂಟು ಗಂಟೆಯ ಬಸ್ಸು ಬಂದು ನಿಂತಿತು. ಅದರಿಂದ ಇಳಿದ ಹೆಂಗಸರಲ್ಲಿ ಒಬ್ಬರು ಕೈಚೀಲ ಹಿಡಿದು ಸರಸರನೆ ಡೈರಿಯ ಕಡೆಗೇ ಬಂದರು. ನನ್ನ ಅತ್ತೆ. ಆ ಊರು ಅವರ ತವರು. ನಾಳೆ ತಮ್ಮನ ಮನೆಗೆ ಹೋಗಿಬರುತ್ತೇನೆಂದು ಹಿಂದಿನ ದಿನ ಅವರು ಹೇಳಿದ್ದು ನಿಜ. ತಿಂಗಳಿಗೊಮ್ಮೆ ಹೋಗುತ್ತಾರಾದ್ದರಿಂದ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಕಂಬದ ಮರೆಯಲ್ಲಿದ್ದ ನನ್ನನ್ನು ಅವರು ನೋಡಲಿಲ್ಲ. "ಮಾದೇವಾ, ನನ್ ಸಕ್ಕರೆ ರಿಪೋಲ್ಟು ಬಂತೇನಪ್ಪ?" ಎಂದರು.

ಮಹದೇವಣ್ಣ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವರನ್ನು ನೋಡಿದರು, ಆಮೇಲೆ ಸೂರು ನೋಡುತ್ತ, "ಯಾರವ್ವ ನೀನು? ಗುರ್ತು ಸಿಗ್ನಿಲ್ವಲ್ಲ," ಎಂದರು.

"ಏ, ನಿಂಗೇನ್ ಬಂದದೋ! ನಾನ್ ಕಣೋ, ಚಿಕ್ತಾಯಿ! ಎಲ್ಡ್ ವರ್ಸದಿಂದ ತಿಂಗ್ಳು ತಿಂಗ್ಳೂ ಬತ್ತಾವ್ನಿ..." ಎನ್ನುತ್ತಲೇ ಅತ್ತೆಯ ಕಣ್ಣು ಕಂಬದ ಕಡೆ ತಿರುಗಿತು.

ಮೊದಲು ಚೇತರಿಸಿಕೊಂಡವರು ಅತ್ತೆಯೇ. "ನೀನೇನಮ್ಮಿ ಇಲ್ಲಿ?" ಎಂದು, ತಪ್ಪು ಮಾಡಿ ಸಿಕ್ಕಿಬಿದ್ದವಳು ನಾನೇ ಎಂಬ ದನಿಯಲ್ಲಿ ಕೇಳಿದರು.

ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತು ಬಂದೆವು. ಎರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯ ಮೇಲೆ ಪಿಎಚ್.ಡಿ. ಮಾಡುವ ನನಗೆ ಒಂದೇ ಸೂರಿನಡಿ ಇದ್ದೂ ಗೊತ್ತಿಲ್ಲ. ದಿನವೂ ಅವರು ತಮ್ಮ ಲೋಟದ ಕಾಫಿಯನ್ನು ಸಕ್ಕರೆ ಹಾಕುವ ಮುಂಚೆಯೇ ಬಗ್ಗಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಬಿಸಿ ಇಷ್ಟ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. "ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?" ಎಂದೆ.

ಅವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಹೇಳಿದರು: "ನಿಂಗ್ ಯೋಳಿದ್ರೆ ಸುಮ್ಕಿರ್ತಿದ್ದಾ? ದಿನಾ ಬೆಳ್ಳು ಚುಚ್ಚಿ ರಕ್ತ ತೆಗೀತಿದ್ದೆ, ಅನ್ನ ಅಳ್ದು ಇಕ್ತಿದ್ದೆ, ಕಂಪ್ಯೂಟರ್‌ಗೂ ಆಕ್ತಿದ್ದೆ. ಮಾದೇವ ಒಂದ್ ಮಾತು ಕೇಳ್ತಾನೆ, ಸುಮ್ನಾಯ್ತಾನೆ. ಔದು ಅನ್ನಕೆ ನಾಚ್ಕೆ ಆಗದಂಗೆ ಕೇಳ್ತಾನೆ ಕಣಮ್ಮಿ. ಅವ್ನಿಗೆ ಸುಳ್ ಯೋಳಕೆ ಮನ್ಸ್ ಬರಕಿಲ್ಲ." ಆಮೇಲೆ, "ಒಂದಿನಾನೂ ಗುಳ್ಗೆ ತಪ್ಪಿಸಿಲ್ಲ ನಾನು," ಎಂದು ನನ್ನ ಮೊಣಕೈ ತಿವಿದರು. ಅದು ನನಗೆ ಗೊತ್ತಿತ್ತು. ಮೂರು ವರ್ಷದಿಂದ ಊರಿಗೆಲ್ಲ ಸಾರಿಕೊಂಡು ಬಂದಿದ್ದೆ. ನನ್ನ ಗಂಡನೆದುರು ನಾನು ಹೊಗಳುತ್ತಿದ್ದ ಆ ಪರಪುರುಷನಲ್ಲಿ ಒಂದು ಪಾಲು ಅವರ ಹೆತ್ತತಾಯಿಯೇ ಆಗಿದ್ದರು.

ಬಸ್ಸು ಕಪಿಲೆಯ ಸೇತುವೆ ದಾಟುವಾಗ ನನಗೆ ಇನ್ನೊಂದು ಯೋಚನೆ ಬಂತು, ಬಂದದ್ದೇ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಸಿದ್ಧಾಂತ ಸುಳ್ಳಾಗಿತ್ತು, ಆದರೆ ಆ ಶಿಸ್ತು ಸುಳ್ಳಲ್ಲವಲ್ಲ! ಮಾತ್ರೆ ತಪ್ಪಿಸದೆ ನುಂಗಿದವರು ನಿಜವಾದ ಮನುಷ್ಯರೇ. ನರ್ಸಮ್ಮನ ಕೈಕಾಲು ಹಿಡಿದು, ಹೆಸರಿಲ್ಲದೆಯೇ, ಹೊರರೋಗಿ ಚೀಟಿಯ ಲೆಕ್ಕದಲ್ಲಿ ಎನ್-೪೧೭ನನ್ನು ಒಬ್ಬೊಬ್ಬರನ್ನಾಗಿ ಬಿಡಿಸಿಕೊಂಡೆ. ಆಮೇಲೆ ಸ್ವಂತ ನಂಬರು ಕೊಟ್ಟವರನ್ನೂ ಡೈರಿಯ ನಂಬರು ಕೊಟ್ಟವರನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸ್ವಂತ ಫೋನಿಗೆ ಆಸ್ಪತ್ರೆಯ ಮೆಸೇಜು ಬಂದವರು ಅದನ್ನು ಲಾಟರಿ ಜಾಹೀರಾತಿನ ಜೊತೆಗೆ ಅಳಿಸಿ, ಮಾತ್ರೆಯನ್ನೂ ಮರೆತಿದ್ದರು. ಮಹದೇವಣ್ಣನ ಮುಂದೆ ಹಾಲು ಅಳೆಸಿಕೊಳ್ಳಬೇಕಾದವರು ಬಹುಪಾಲು ಮರೆತಿರಲಿಲ್ಲ.

ಹತ್ತನೆಯ ದಿನ ಸಮಿತಿಯ ಮುಂದೆ ನಿಂತು, ಮೊದಲು ನನ್ನ ತಪ್ಪನ್ನು ಇದ್ದ ಹಾಗೇ ಒಪ್ಪಿಕೊಂಡೆ. ಬಸುರಿನ ಸಾಲು ಪರದೆಯ ಮೇಲೆ ಬಂದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ನಕ್ಕು ನಕ್ಕು ನೀರು ತರಿಸಿಕೊಂಡರು. ಇನ್ನೊಬ್ಬರು, "ಎಲ್ಲ ಸರಿ ಕಣಮ್ಮ, ಇದರಲ್ಲಿ ಕೃತಕ ಬುದ್ಧಿಮತ್ತೆ ಎಲ್ಲಿದೆ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಗೈಡ್ ಸಾರ್, "ಮುಂದಿನ ಅಧ್ಯಾಯದಲ್ಲಿ ಬರುತ್ತೆ ಸಾರ್," ಎಂದುಬಿಟ್ಟರು. ಒಪ್ಪಿಗೆ ಸಿಕ್ಕಿತು. ಸಂತೋಷಕ್ಕೆ ಮೈಸೂರಿನಿಂದ ಅರ್ಧ ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದು, ಮನೆಯ ಬಾಗಿಲಲ್ಲಿ ಅತ್ತೆಯ ಮುಖ ನೋಡಿ ಪೊಟ್ಟಣವನ್ನು ಹಾಗೇ ಪಕ್ಕದ ಮನೆಗೆ ದಾಟಿಸಿದೆ. ಹೇಳಬೇಕಾಗಿಲ್ಲ, ಅದರಿಂದ ಹೆಚ್ಚು ದುಃಖವಾದದ್ದು ನನ್ನ ಗಂಡನಿಗೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆ ಮುಂದಿನ ಅಧ್ಯಾಯ ಎನ್ನುವುದನ್ನು ಬರೆಯಬೇಕಾಗಿತ್ತಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಮನೆಗೆ ಸುಣ್ಣ ಹೊಡೆಸಿದೆ, ಉಪ್ಪಿನಕಾಯಿ ಹಾಕಿದೆ, ಲ್ಯಾಪ್‌ಟಾಪಿನ ಕೀಲಿಗಳ ಸಂದಿಯ ದೂಳನ್ನು ಹಳೆಯ ಬ್ರಷ್ಷಿನಲ್ಲಿ ತೆಗೆದೆ, ಅಧ್ಯಾಯವನ್ನು ಮಾತ್ರ ಬರೆಯಲಿಲ್ಲ. ಗೈಡ್ ಸಾರ್ ಫೋನು ಬಂದಾಗಲೆಲ್ಲ ನಾನು ಬಸ್ಸಿನಲ್ಲಿರುತ್ತಿದ್ದೆ, ಅಥವಾ ಇದ್ದೇನೆಂದು ಅಂದುಕೊಳ್ಳುತ್ತಿದ್ದೆ. ನಿನ್ನೆ ಮಂಗಳವಾರ ಮಹದೇವಣ್ಣನ ಕರೆ ಬಂತು. ಅತ್ತೆಯ ವಿಷಯವಿರಬೇಕೆಂದು ಗಾಬರಿಯಿಂದ ಎತ್ತಿದೆ.

"ಮೇಡಂ, ನಿಮ್ ಗೈಡ್ ಸಾರು ಫೋನ್ ಮಾಡಿದ್ರು. ನಿಮ್ದು ಎತ್ತಕಿಲ್ವಂತೆ. ಡೈರಿ ಗೋಡೆ ಫೋಟ ಪರದೆ ಮ್ಯಾಲೆ ನೀವೇ ತೋರ್ಸಿದ್ರಂತಲ್ಲ, ಅದ್ರಲ್ಲಿ ನನ್ ನಂಬ್ರು ಇತ್ತಂತೆ. ಒಳ್ಳೆ ಮನುಸ್ರು, ಅರ್ಧ ಗಂಟೆ ಮಾತಾಡುದ್ರು." ಆಮೇಲೆ ದನಿ ತಗ್ಗಿಸಿ, ಬೇರೆ ಯಾರಿಗೂ ಕೇಳಿಸದ ಹಾಗೆ, "ಅದ್ಯಾವ್ದೋ ಅಧ್ಯಾಯ ಅಂತೆ, ಕೊಟ್ರಾ?" ಎಂದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇನ್ನೂ ಇಲ್ಲ ಅಣ್ಣ," ಎಂದೆ. "ಗುರುವಾರ ಕೊಡ್ತೀನಿ."

ಅವರು ಬೇರೇನೂ ಕೇಳದೆ ಫೋನಿಟ್ಟರು. ಈಗ ಬುಧವಾರ ಮಧ್ಯಾಹ್ನ ಮೂರು ಗಂಟೆ. ಹನ್ನೊಂದು ಪುಟ ಆಗಿದೆ. ಶುಕ್ರವಾರ ಬೆಳಿಗ್ಗೆ ಹಾಲಿನ ಸಾಲು ಮುಗಿದ ಮೇಲೆ ಅವರು ಮತ್ತೆ ಕೇಳುತ್ತಾರೆಂದು ನನಗೆ ಗೊತ್ತು. ಎನ್-೪೧೭ರಲ್ಲಿ ಈಗ ನಾನೂ ಒಬ್ಬಳು, ಒಂದು ಸಲವೂ ತಪ್ಪಿಸದ ಆ ದಾಖಲೆಯನ್ನು ಕೆಡಿಸಿದವಳು ಎನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ.